ಬಾಗಿಲೊಳಗಿನ ನೀರು: ಹಳೆಯ ಲಾರಿಯ ತುಕ್ಕು ಹಿಡಿದ ತಗಡನ್ನು ಮನೆಯಂಗಳದಲ್ಲಿ ಸರಿಪಡಿಸುವ ಬಗೆ

ಸಭೆಯಲ್ಲಿರುವ ಹಿರಿಯರೇ, ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳೇ, ತಮ್ಮ ವಾಹನವನ್ನು ತಮ್ಮ ಕೈಯಿಂದಲೇ ನೋಡಿಕೊಳ್ಳಬೇಕೆಂಬ ಹುಮ್ಮಸ್ಸಿನಿಂದ ಇಲ್ಲಿಗೆ ಬಂದಿರುವ ಗೆಳೆಯರೇ, ನಮಸ್ಕಾರ.

ಮಾತು ಆರಂಭಿಸುವ ಮೊದಲು ಒಂದು ತಗಡಿನ ತುಂಡನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ದಾಟಿಸುತ್ತಾ ಹೋಗಿ; ಅಂಚು ಹರಿತವಾಗಿದೆ, ಬೆರಳು ಜೋಪಾನ. ಇದು ನಮ್ಮ ಮನೆಯ ಟಾಟಾ 407 ಲಾರಿಯ ಎಡಬಾಗಿಲಿನ ಕೆಳಭಾಗದಿಂದ ನಾನೇ ಕತ್ತರಿಸಿ ತೆಗೆದ ಒಂದು ಗೇಣುದ್ದದ ತುಂಡು. ಹೊರಮೈಯನ್ನು ನೋಡಿ, ನೀಲಿ ಬಣ್ಣ ಇನ್ನೂ ಹೊಳೆಯುತ್ತಿದೆ, ಎರಡು ಕಡೆ ಸಣ್ಣ ಗುಳ್ಳೆ ಎದ್ದಿದೆ, ಅಷ್ಟೇ. ಈಗ ಮಗುಚಿ ಒಳಮೈಯನ್ನು ನೋಡಿ. ಪತ್ರೊಡೆಯ ಹೋಳಿನಂತೆ ಪದರ ಪದರವಾಗಿ ಎದ್ದು ನಿಂತಿರುವುದೆಲ್ಲ ಒಂದು ಕಾಲಕ್ಕೆ ಒಳ್ಳೆಯ ಉಕ್ಕಾಗಿತ್ತು. ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ. ಈ ತುಂಡಿನಲ್ಲಿ ಈಗ ಉಳಿದಿರುವ ನಿಜವಾದ ಲೋಹ ಕಾಗದಕ್ಕಿಂತ ಹೆಚ್ಚು ದಪ್ಪವಿಲ್ಲ. ಇಂದು ನಾನು ಹೇಳಬೇಕಾದುದೆಲ್ಲ ಈ ತುಂಡಿನ ಎರಡು ಮೈಗಳ ನಡುವಿನ ವ್ಯತ್ಯಾಸದಲ್ಲಿದೆ. ತುಕ್ಕು ಕಣ್ಣಿಗೆ ಬೀಳುವುದು ಹೊರಗೆ, ಹುಟ್ಟುವುದು ಒಳಗೆ. ಹೊರಗಿನಿಂದ ಎಷ್ಟು ತೇಪೆ ಹಾಕಿದರೂ ಒಳಗೆ ನಿಂತ ನೀರಿಗೆ ದಾರಿ ಮಾಡಿಕೊಡದಿದ್ದರೆ ಆ ಕೆಲಸ ಒಂದು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ.

ಲಾರಿಯ ಪೂರ್ವಾಪರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 407 ಮೊದಲು ರಸ್ತೆಗೆ ಬಂದದ್ದು 1986ರಲ್ಲಿ; ನಮ್ಮದು 1994ರ ಮಾಡೆಲ್. ನಮ್ಮ ಅಣ್ಣ ಅದನ್ನು ಹಲವು ವರ್ಷ ಗಂಗೊಳ್ಳಿ ಮತ್ತು ಮಲ್ಪೆ ಬಂದರುಗಳಿಂದ ಮೀನು ಸಾಗಿಸಲು ಓಡಿಸಿದರು, ಆಮೇಲೆ ಕೆಂಪುಕಲ್ಲು, ತೆಂಗಿನಕಾಯಿ, ಸೌದೆ. ಮೀನಿನ ಗಾಡಿಗೆ ತುಕ್ಕು ಹಿಡಿಯುವುದು ಕಂಪನಿಯ ತಪ್ಪೆಂದು ನಾನು ಹೇಳಲಾರೆ. ಮಂಜುಗಡ್ಡೆ ಕರಗಿದ ಉಪ್ಪುನೀರು ದಿನವೂ ಬಾಡಿಯ ಸಂದುಗಳಲ್ಲಿ ಇಳಿಯುತ್ತಿದ್ದರೆ, ಮೇಲಿನಿಂದ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುತ್ತಿದ್ದರೆ, ಯಾವ ದೇಶದಲ್ಲಿ ತಯಾರಾದ ತಗಡಾದರೂ ಎಷ್ಟು ದಿನ ತಡೆದೀತು? ಅಣ್ಣ ಡ್ರೈವಿಂಗ್ ನಿಲ್ಲಿಸಿದ ಮೇಲೆ ಲಾರಿ ಹಲಸಿನ ಮರದಡಿಯಲ್ಲಿ ನಿಂತಿತು. ನಾನು ಐ.ಟಿ.ಐ.ಯಲ್ಲಿ ಶೀಟ್ ಮೆಟಲ್ ಪಾಠ ಹೇಳಿ ನಿವೃತ್ತನಾದವನು. ಕಲಿಸಿದ ವಿದ್ಯೆಯನ್ನು ಮನೆಯ ಲಾರಿಯ ಮೇಲೆ ಪ್ರಯೋಗಿಸಲು ಪುರುಸೊತ್ತು ಸಿಕ್ಕಿದ್ದು ನಿವೃತ್ತಿಯ ಮೇಲೆಯೇ.

ಆದರೆ ಮೊದಲ ಸಲ ನಾನೂ ಸುಲಭದ ದಾರಿಯನ್ನೇ ಹಿಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎಫ್.ಸಿ.ಯ, ಎಂದರೆ ವಾಹನ ಓಡಲು ಯೋಗ್ಯವೆಂಬ ಫಿಟ್‌ನೆಸ್ ಸರ್ಟಿಫಿಕೇಟಿನ, ದಿನ ಹತ್ತಿರ ಬಂದಿತ್ತು. ಒಂದು ಗ್ಯಾರೇಜಿನಲ್ಲಿ ಬಿಟ್ಟೆ, ಅವರು ತೂತಿನ ಹಿಂದೆ ತಂತಿಬಲೆ ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ನಾಲ್ಕು ದಿನದಲ್ಲಿ ಕೊಟ್ಟರು. ಮದುಮಗನಂತೆ ಕಾಣುತ್ತಿತ್ತು. ಮುಂದಿನ ಆಗಸ್ಟ್ ಹೊತ್ತಿಗೆ ಅದೇ ಜಾಗದಲ್ಲಿ ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಒತ್ತಿದಾಗ ಪುಟ್ಟಿಯ ಇಡೀ ಬಿಲ್ಲೆ ಕಳಚಿ ಕೈಗೆ ಬಂತು. ಆ ಸಿಟ್ಟಿನಲ್ಲಿ ಬಾಗಿಲಿನ ಕೆಳಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಒಂದು ಲೋಟದಷ್ಟು ಕಂದು ನೀರು ನನ್ನ ಪಾದದ ಮೇಲೆ ಸುರಿಯಿತು. ಮಳೆ ನಿಂತು ಐದು ದಿನವಾಗಿತ್ತು! ಬಾಗಿಲಿನ ಅಡಿಯಲ್ಲಿ ನೀರು ಬಸಿಯಲೆಂದು ಇರುವ ತೂತುಗಳನ್ನು ಪುಟ್ಟಿ ಪೂರಾ ಮುಚ್ಚಿಹಾಕಿತ್ತು. ಎಂದರೆ, ಬಾಗಿಲನ್ನು ಚೆಂದಗಾಣಿಸಲು ಹೋಗಿ ಅದನ್ನೊಂದು ತಪ್ಪಲೆಯನ್ನಾಗಿ ಮಾಡಿದ್ದೆವು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಅನಿವಾರ್ಯ. ಕಬ್ಬಿಣ ತುಕ್ಕಾಗಲು ನೀರೂ ಬೇಕು, ಆಮ್ಲಜನಕವೂ ಬೇಕು. ಇವೆರಡಿದ್ದರೆ ಕೆಲಸ ಆರಂಭವಾಗುತ್ತದೆ, ಉಪ್ಪು ಸೇರಿದರೆ ಓಟ ಕೀಳುತ್ತದೆ. ಉಪ್ಪು ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವಂತೆ ಮಾಡುತ್ತದೆ, ಮತ್ತು ಅದರಲ್ಲಿನ ಕ್ಲೋರೈಡು ಕಬ್ಬಿಣದ ಮೈಮೇಲೆ ತಾನಾಗಿ ಮೂಡುವ ತೆಳುವಾದ ರಕ್ಷಾಪೊರೆಯನ್ನು ಒಡೆಯುತ್ತದೆ. ಇದರ ಜೊತೆಗೆ ಉಪ್ಪಿಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ತಾನಾಗಿಯೇ ನೀರು ಒಸರುವುದನ್ನು ನೀವೆಲ್ಲ ನೋಡಿದ್ದೀರಿ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಂಡು ಕರಗುತ್ತದೆ. ಬಾಗಿಲೊಳಗೆ, ನೆಲದ ಮ್ಯಾಟಿನಡಿಗೆ ಉಪ್ಪು ಅಂಟಿಕೊಂಡಿದ್ದರೆ ಲಾರಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದರೂ ಅದು ತೋಯುತ್ತಲೇ ಇರುತ್ತದೆ. "ಮಳೆಗೆ ಬಿಟ್ಟೇ ಇಲ್ಲ, ಆದರೂ ಹೇಗೆ ತುಕ್ಕು ಬಂತು" ಎಂದು ಕೇಳುವವರಿಗೆ ಇದೇ ಉತ್ತರ.

ಕೆಸರು, ಸಡಿಲ ಪುಟ್ಟಿ ಅಥವಾ ಒದ್ದೆ ಮ್ಯಾಟಿನ ಕೆಳಗೆ ಗಾಳಿ ಆಡುವುದಿಲ್ಲವಾದ್ದರಿಂದ ಅಲ್ಲಿ ತುಕ್ಕು ಹಿಡಿಯಲಾರದು ಎಂದು ಹಲವರು ಭಾವಿಸುತ್ತಾರೆ. ನಡೆಯುವುದು ತದ್ವಿರುದ್ಧ. ಗಾಳಿ ಸಿಗುವ ಭಾಗಕ್ಕೂ ಗಾಳಿ ಸಿಗದ ಭಾಗಕ್ಕೂ ನಡುವೆ ಒಂದು ಪುಟ್ಟ ಬ್ಯಾಟರಿ ಏರ್ಪಡುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವುದು ಗಾಳಿ ಸಿಗದ, ಮುಚ್ಚಿಹೋದ ಭಾಗ. ಅದಕ್ಕೇ ಎರಡು ತಗಡುಗಳು ಒಂದರ ಮೇಲೊಂದು ಕೂತಿರುವ ಜೋಡಣೆಗಳಲ್ಲಿ, ಬಾಗಿಲಿನ ಹೊರತಗಡು ಒಳಚೌಕಟ್ಟಿನ ಮೇಲೆ ಮಡಚಿಕೊಂಡಿರುವ ಕೆಳಅಂಚಿನಲ್ಲಿ, ಬೀಡಿಂಗಿನ ಕೆಳಗೆ, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಕೆಸರು ಕೂರುವ ಗೂಡುಗಳಲ್ಲಿ ತುಕ್ಕು ಮೊದಲು ಮನೆಮಾಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಆ ಸಂದನ್ನು ಅಗಲಿಸುತ್ತದೆ, ಅಗಲಿಸಿದ ಸಂದಿಗೆ ಇನ್ನಷ್ಟು ನೀರು ಬರುತ್ತದೆ. ಹೊರಗಿನ ಬಣ್ಣದ ಗುಳ್ಳೆ ಈ ಕಥೆಯ ಕೊನೆಯ ಪುಟ.

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ಗ್ರೈಂಡರಿನಿಂದ ಅಲ್ಲ, ಕಿವಿಯಿಂದ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಅಂಗೈಯಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಕಂಚಿನಂತೆ ಅಲ್ಲದಿದ್ದರೂ ಸ್ಪಷ್ಟವಾಗಿ ದನಿ ಕೊಡುತ್ತದೆ. ಪದರ ಎದ್ದದ್ದು ಮಂಕಾಗಿ, ಒದ್ದೆ ರಟ್ಟಿನಂತೆ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಚೂಪಾದ ತುದಿಯಿಂದ ಚುಚ್ಚಿ ನೋಡಿ. ಚುಚ್ಚಿದರೆ ತೂತಾದೀತೆಂದು ಹೆದರಬೇಡಿ, ಚುಚ್ಚಿದರೆ ತೂತಾಗುವ ತಗಡು ಆಗಲೇ ತೂತಾಗಿದೆ. ಇನ್ನೊಂದು ಸಾಧನ ಸಾಮಾನ್ಯ ಅಯಸ್ಕಾಂತ. ಹಿಂದೆ ಯಾರೋ ದಪ್ಪವಾಗಿ ಪುಟ್ಟಿ ಹಚ್ಚಿದ ಜಾಗಕ್ಕೆ ಅದು ಅಂಟುವುದಿಲ್ಲ, ಜಾರುತ್ತದೆ. ನಮ್ಮ ಲಾರಿಯ ಎಡ ಮಡ್‌ಗಾರ್ಡಿನಲ್ಲಿ ಒಂದು ತಟ್ಟೆಯಗಲದ ಜಾಗದಲ್ಲಿ ಅಯಸ್ಕಾಂತ ನಿಲ್ಲಲೇ ಇಲ್ಲ. ಅಲ್ಲಿ ಎಂದೋ ಬಸ್ಸಿಗೆ ಉಜ್ಜಿಕೊಂಡಿತ್ತೆಂದು ಅಣ್ಣ ಆಮೇಲೆ ಒಪ್ಪಿಕೊಂಡರು. ಹೀಗೆ ಪರೀಕ್ಷಿಸಿದ ಜಾಗಗಳನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಮೇಲೆ, ಪ್ರತಿ ಗುರುತಿನ ಎದುರು ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಗೆ ನೀರು ಎಲ್ಲಿಂದ ಬಂತು, ಬಂದದ್ದು ಯಾಕೆ ಹೋಗಲಿಲ್ಲ? ಡ್ರೈವರ್ ಕಾಲಿಡುವ ನೆಲ ಕೊಳೆತಿದ್ದರೆ ಮುಂದಿನ ಗಾಜಿನ ರಬ್ಬರ್ ಸೋರುತ್ತಿರಬಹುದು. ಗಾಜಿನ ರಬ್ಬರ್ ಬದಲಿಸದೆ ನೆಲಕ್ಕೆ ಹೊಸ ತಗಡು ಹಾಕುವುದೆಂದರೆ ಮಾಡಿನ ಹಂಚು ಒಡೆದಿರುವಾಗ ನೆಲಕ್ಕೆ ಸಾರಣೆ ಮಾಡಿದಂತೆ.

ಕೆಲಸದ ಕಾಲವನ್ನು ಕುರಿತು ನನ್ನ ಅಭಿಪ್ರಾಯ ಖಚಿತವಾಗಿದೆ. ಕರಾವಳಿಯಲ್ಲಾಗಲಿ, ಮಲೆನಾಡಿನಲ್ಲಾಗಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ಬೆಳಿಗ್ಗೆ ಗ್ರೈಂಡ್ ಮಾಡಿದ ತಗಡು ಜುಲೈನಲ್ಲಾದರೆ ಸಂಜೆಗೇ ಕೆಂಪಾಗುತ್ತದೆ. ಮೊದಲ ದಿನ ಗ್ರೈಂಡರ್ ಮುಟ್ಟದೆ ಬರೀ ಸಿಹಿನೀರಿನಿಂದ ತೊಳೆಯಿರಿ. ಸೀಟು, ರೆಕ್ಸಿನ್, ಮ್ಯಾಟು, ಬಾಗಿಲಿನ ಒಳರಟ್ಟು ಎಲ್ಲ ಬಿಚ್ಚಿ, ಪೈಪಿನ ನೀರನ್ನು ಬಾಗಿಲೊಳಗೆ, ಸಂದುಗೊಂದುಗಳಿಗೆ ಹಾಯಿಸಿ, ಒಣಗಿಸಿ, ಮಾರನೆಯ ದಿನ ಮತ್ತೊಮ್ಮೆ ತೊಳೆಯಿರಿ. ಉಪ್ಪು ಹೋಗದೆ ಉಜ್ಜಿದರೆ ಅದನ್ನು ಲೋಹದ ಕುಳಿಗಳೊಳಗೆ ನೀವೇ ತುರುಕಿದಂತಾಗುತ್ತದೆ. ನಮ್ಮಲ್ಲಿ ಮರ ಉಜ್ಜುವ ಕಾಗದಕ್ಕೆ ಉಪ್ಪುಕಾಗದ ಎನ್ನುತ್ತಾರೆ. ಉಪ್ಪು ತೊಳೆಯದ ತಗಡಿನ ಮೇಲೆ ಯಾವ ಕಾಗದ ಹಿಡಿದರೂ ಆ ಹೆಸರು ಅಕ್ಷರಶಃ ನಿಜವಾಗುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ, ಏಕೆಂದರೆ ಮನೆಯಂಗಳದಲ್ಲಿ ನಡೆಯುವ ಕೆಲಸಕ್ಕೆ ಕಾರ್ಖಾನೆಯ ಕಟ್ಟುಪಾಡಿಲ್ಲ, ಮಕ್ಕಳು ಓಡಾಡುತ್ತಿರುತ್ತಾರೆ. ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿಡಬೇಕು. ಡೀಸೆಲ್ ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ, ಅದಕ್ಕೆ ಮನೆಯಲ್ಲಿ ವೆಲ್ಡಿಂಗ್ ಕೂಡದೇ ಕೂಡದು. ಗ್ರೈಂಡರಿನ ಗಾರ್ಡ್ ಬಿಚ್ಚಬಾರದು, ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳಿನ ಮಾಸ್ಕ್ ಇರಲೇಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಆ ಧೂಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುವ ಅಭ್ಯಾಸವೂ ಬೇಡ. ಒಂದು ಬಕೆಟ್ ನೀರು ಮತ್ತು ಒದ್ದೆ ಗೋಣಿ ಕೈಯಳತೆಯಲ್ಲಿರಲಿ. ನಾನು ನೆಲದ ತಗಡಿಗೆ ಬೆಸುಗೆ ಹಾಕುತ್ತಿದ್ದಾಗ ಡ್ಯಾಶ್‌ಬೋರ್ಡಿನ ಹಿಂದೆ ಇಲಿ ಕಟ್ಟಿದ ಗೂಡಿಗೆ ಕಿಡಿ ಹಾರಿ ಹೊಗೆಯಾಡತೊಡಗಿತು. ಮುಖವಾಡದೊಳಗಿದ್ದ ನನಗೆ ಅದು ಕಾಣಲಿಲ್ಲ, ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಮನೆಯಾಕೆ ಕೂಗಿದ್ದರಿಂದ ಲಾರಿ ಉಳಿಯಿತು. ಒಬ್ಬರೇ ಇದ್ದಾಗ ವೆಲ್ಡಿಂಗ್ ಮಾಡಬಾರದೆಂಬ ಪಾಠವನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಅರ್ಥವಾದದ್ದು ಅಂದು.

ಈಗ ಕತ್ತರಿಸುವ ಕೆಲಸ. ಕತ್ತರಿಸುವ ಮೊದಲೇ ಅಚ್ಚು ತೆಗೆಯಬೇಕು ಎಂಬುದನ್ನು ಹೊಸಬರು ಮರೆಯುತ್ತಾರೆ. ಕೊಳೆತ ಭಾಗಕ್ಕೂ ಒಂದು ಆಕಾರ ಉಳಿದಿರುತ್ತದೆ. ಅದನ್ನು ಕತ್ತರಿಸಿ ಎಸೆದ ಮೇಲೆ ಬಾಗು ಎಲ್ಲಿತ್ತು, ಮಡಿಕೆ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಅಚ್ಚಿಗೆ ನಾನು ಬಳಸುವುದು ಮದುವೆಯ ಕರೆಯೋಲೆಗಳ ದಪ್ಪ ಕಾಗದ. ಬಾಗಿಸಿದರೆ ಬಾಗಿದಂತೆ ನಿಲ್ಲುತ್ತದೆ, ಬೇಕಾದಷ್ಟು ಸಿಗುತ್ತದೆ, ವಧೂವರರ ಹೆಸರಿನ ಮೇಲೆಯೇ ಅಳತೆ ಬರೆದುಕೊಳ್ಳಬಹುದು. ಒಂದು ಬದಿ ಪೂರ್ತಿ ಕೊಳೆತಿದ್ದರೆ ಇನ್ನೊಂದು ಬದಿಯ ಬಾಗಿಲಿನಿಂದ ಅಚ್ಚು ತೆಗೆದು ಮಗುಚಿ ಹಿಡಿದರಾಯಿತು.

ಎಲ್ಲಿಯವರೆಗೆ ಕತ್ತರಿಸಬೇಕೆಂದರೆ, ಎರಡೂ ಮೈಯಲ್ಲಿ ಬಿಳುಪಾದ ಗಟ್ಟಿ ಲೋಹ ಕಾಣುವವರೆಗೆ. ಹೊರಗೆ ಕಂಡ ತುಕ್ಕಿನ ಅಂಚಿನಿಂದ ಕನಿಷ್ಠ ಒಂದು ಅಂಗುಲ ಆಚೆಗೆ ಗೆರೆ ಎಳೆಯಿರಿ, ಆ ಗೆರೆಯಲ್ಲಿಯೂ ತಗಡು ತೆಳುವಾಗಿದ್ದರೆ ಇನ್ನೂ ಆಚೆಗೆ ಹೋಗಿ. ಜಿಪುಣತನ ತೋರಿದವರು ಬೆಸುಗೆಯ ಹೊತ್ತಿಗೆ ಅನುಭವಿಸುತ್ತಾರೆ, ಸವೆದ ತಗಡು ಕಾವು ತಾಗಿದೊಡನೆ ಸುಟ್ಟು ತೂತಾಗುತ್ತದೆ. ಆ ತೂತನ್ನು ಮುಚ್ಚಲು ಹೋದರೆ ಪಕ್ಕದಲ್ಲಿ ಇನ್ನೊಂದು. ಮೂಲೆಗಳನ್ನು ಚೌಕಾಕಾರವಾಗಿ ಬಿಡದೆ ದುಂಡಾಗಿಸಿ, ಏಕೆಂದರೆ ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಬಾಗಿಲಿನ ಕೆಳಭಾಗವನ್ನು ಒಮ್ಮೆಗೇ ಪೂರ್ತಿ ಕತ್ತರಿಸಿದರೆ ಬಾಗಿಲು ತಿರುಚಿಕೊಳ್ಳುತ್ತದೆ. ಒಳಚೌಕಟ್ಟನ್ನು ಮೊದಲು ಸರಿಮಾಡಿ, ಹೊರತಗಡನ್ನು ಆಮೇಲೆ ಮುಟ್ಟಬೇಕು. ನಡುನಡುವೆ ಬಾಗಿಲನ್ನು ತೂಗುಹಾಕಿ, ಮುಚ್ಚಿ, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲದಲ್ಲಿದೆಯೇ ಎಂದು ನೋಡುತ್ತಿರಬೇಕು.

ತಗಡನ್ನು ಆರಿಸುವಾಗ ಗೇಜಿನ ಲೆಕ್ಕ ಗೊತ್ತಿರಲಿ: ಸಂಖ್ಯೆ ದೊಡ್ಡದಾದಷ್ಟು ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಎಂದರೆ 0.9, 22 ಗೇಜ್ ಎಂದರೆ 0.7. ಬಾಗಿಲು, ಮಡ್‌ಗಾರ್ಡುಗಳಿಗೆ 20, ಕಾಲಿಡುವ ನೆಲಕ್ಕೆ ಮತ್ತು ಫುಟ್‌ಬೋರ್ಡಿಗೆ 18 ಸಾಕು. ಅಂಗಡಿಯಲ್ಲಿ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟ್ ಎಂದು ಕೇಳಿದರೆ ಕೊಡುತ್ತಾರೆ. ಸತುವಿನ ಲೇಪವಿರುವ ಜಿ.ಐ. ಶೀಟ್ ಹಾಕಿದರೆ ತುಕ್ಕೇ ಹಿಡಿಯುವುದಿಲ್ಲವಲ್ಲ ಎಂಬ ಆಸೆ ಸಹಜ. ಆದರೆ ಬೆಸುಗೆಯ ಕಾವಿಗೆ ಅದರ ಸತುವು ಹೊಗೆಯಾಗಿ ಹೋಗುತ್ತದೆ, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ರಕ್ಷಣೆ ಬೇಕಾದ ಬೆಸುಗೆಯ ಅಂಚಿನಲ್ಲಿಯೇ ಸತುವು ಉಳಿಯುವುದಿಲ್ಲ. ಹಳೆಯ ಡ್ರಮ್ಮಿನ ತಗಡು ಒಳ್ಳೆಯದೇ, ಆದರೆ ಒಳಗೆ ಯಾವ ರಾಸಾಯನಿಕವಿತ್ತೋ ತಿಳಿಯದ ಡ್ರಮ್ಮಿಗೆ ಗ್ಯಾಸ್ ಕಟ್ಟರ್ ಹಿಡಿಯುವ ಸಾಹಸಕ್ಕೆ ಯಾರೂ ಹೋಗಬಾರದು.

ಆಕಾರ ಕೊಡಲು ದೊಡ್ಡ ಯಂತ್ರ ಬೇಕಿಲ್ಲ. ನೇರ ಮಡಿಕೆಗೆ ಎರಡು ಕಬ್ಬಿಣದ ಆಂಗಲ್ ನಡುವೆ ತಗಡನ್ನು ಬಿಗಿಹಿಡಿದು ಮರದ ಕೊಡತಿಯಿಂದ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಡಿಯಬೇಕು. ಕಬ್ಬಿಣದ ಸುತ್ತಿಗೆ ತಗಡನ್ನು ಹಿಗ್ಗಿಸುತ್ತದೆ, ಕೊಡತಿ ಬಾಗಿಸುತ್ತದೆ. ಈ ಒಂದು ವ್ಯತ್ಯಾಸವನ್ನು ತಿಳಿಯಲು ನನ್ನ ವಿದ್ಯಾರ್ಥಿಗಳಿಗೆ ಆರು ತಿಂಗಳು ಹಿಡಿಯುತ್ತಿತ್ತು. ದುಂಡನೆಯ ಬಾಗಿಗೆ ನೀರಿನ ಪೈಪಿನ ತುಂಡು, ಉಬ್ಬಿಗೆ ಮರಳು ತುಂಬಿದ ಚೀಲ. ತುಂಡು ಜಾಗದಲ್ಲಿ ಕೂತಾಗ ಸುತ್ತಲೂ ತಗಡಿನ ದಪ್ಪಕ್ಕಿಂತ ಹೆಚ್ಚು ಸಂದು ಇರಬಾರದು. ಇಲ್ಲಿ ಕಳೆದ ಒಂದು ಗಂಟೆ ಮುಂದೆ ಪುಟ್ಟಿ ಉಜ್ಜುವ ಒಂದು ದಿನವನ್ನು ಉಳಿಸುತ್ತದೆ.

ಬೆಸುಗೆಯ ವಿಚಾರದಲ್ಲಿ ನಾನು ನಿಮ್ಮನ್ನು ಹುರಿದುಂಬಿಸುವುದಕ್ಕಿಂತ ಎಚ್ಚರಿಸುವುದೇ ಹೆಚ್ಚು. ಗೇಟು, ಕಿಟಕಿ ಮಾಡುವ ಸಾಮಾನ್ಯ ಆರ್ಕ್ ವೆಲ್ಡಿಂಗಿನ 3.15 ಮಿ.ಮೀ. ರಾಡಿನಿಂದ 20 ಗೇಜ್ ತಗಡನ್ನು ಬೆಸೆಯಲು ಹೋದರೆ ಜರಡಿ ಸಿದ್ಧವಾಗುತ್ತದೆ. ಈ ಕೆಲಸಕ್ಕೆ ಬೇಕಾದುದು 0.8 ಮಿ.ಮೀ. ತಂತಿ ಹಾಕಿದ, ಗ್ಯಾರೇಜಿನವರು ಸಿ.ಓ.ಟೂ ವೆಲ್ಡಿಂಗ್ ಎನ್ನುವ ಯಂತ್ರ. ಹಳೆಯ ಟಿಂಕರುಗಳು ಗ್ಯಾಸ್ ಬೆಸುಗೆಯಲ್ಲಿ ಮಾಡುತ್ತಿದ್ದ ಕೆಲಸ ಅದ್ಭುತವಾಗಿರುತ್ತಿತ್ತು, ಆ ಬೆಸುಗೆ ಮೆತ್ತಗಿರುವುದರಿಂದ ಸುತ್ತಿಗೆ ಮತ್ತು ಡಾಲಿಯ (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ನಡುವೆ ಬಡಿದು ಸಮಮಾಡಬಹುದಿತ್ತು. ಆದರೆ ಅದರ ಕಾವು ಅಗಲಕ್ಕೆ ಹರಡುತ್ತದೆ, ಕೈ ಪಳಗದವರಿಗೆ ಬಾಗಿಲು ಹಪ್ಪಳವಾಗುತ್ತದೆ. ಒಂದು ಮೀಟರ್ ಉಕ್ಕು 100 ಡಿಗ್ರಿ ಕಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಹಿಗ್ಗಲು ಬಿಡದೆ ಹಿಡಿದುಕೊಂಡಿರುವುದರಿಂದ ಆ ಹಿಗ್ಗು ಉಬ್ಬಾಗುತ್ತದೆ, ಆರಿದ ಮೇಲೆ ಸುಕ್ಕಾಗುತ್ತದೆ. ಆದ್ದರಿಂದ ಉದ್ದಕ್ಕೆ ಎಳೆಯದೆ ಬೆಸುಗೆಯ ಒಂದು ಚುಕ್ಕೆ ಹಾಕಿ, ಅದರ ಎದುರು ತುದಿಗೆ ಹೋಗಿ ಇನ್ನೊಂದು ಹಾಕಿ, ನಡುವೆ ಮತ್ತೊಂದು. ಹೀಗೆ ಅಂಗುಲಕ್ಕೊಂದು ಚುಕ್ಕೆ ಬಿದ್ದ ಮೇಲೆ ಬೆರಳಿಟ್ಟು ನೋಡಿ, ಬೆರಳು ತಾಳುವಷ್ಟು ಆರಿದ ಮೇಲೆಯೇ ಮುಂದಿನ ಸುತ್ತು. ಅರ್ಥಿಂಗ್ ಕ್ಲಾಂಪನ್ನು ತೇಪೆಯ ಪಕ್ಕದಲ್ಲೇ ಬಿಳಿ ಮಾಡಿದ ಲೋಹಕ್ಕೆ ಹಿಡಿಸಬೇಕು, ದೂರ ಹಿಡಿಸಿದರೆ ಕರೆಂಟು ವೈರಿಂಗಿನ ಮೂಲಕವೋ ಬೇರಿಂಗಿನ ಮೂಲಕವೋ ದಾರಿ ಹುಡುಕುತ್ತದೆ.

ಯಂತ್ರವಿಲ್ಲದವರಿಗೆ ನನ್ನ ಸಲಹೆ ಇಷ್ಟೇ. ತೊಳೆಯುವುದು, ಕತ್ತರಿಸುವುದು, ಅಚ್ಚು ತೆಗೆದು ತುಂಡು ತಯಾರಿಸುವುದು, ಆಮೇಲಿನ ಪ್ರೈಮರ್ ಮತ್ತು ಬಣ್ಣ, ಇವೆಲ್ಲ ನೀವೇ ಮಾಡಿ. ಬೆಸುಗೆಯ ಅರ್ಧ ದಿನಕ್ಕೆ ಮಾತ್ರ ಕೈ ಪಳಗಿದವರನ್ನು ಕರೆಸಿ. ಈ ರಿಪೇರಿಯಲ್ಲಿ ಬೆಸುಗೆ ಹತ್ತರಲ್ಲೊಂದು ಪಾಲು. ಭಾರ ಹೊರದ ಜಾಗಗಳಲ್ಲಿ, ಉದಾಹರಣೆಗೆ ಮಡ್‌ಗಾರ್ಡಿನ ಒಳತಗಡಿಗೆ, ಸೀಲಂಟ್ ಹಚ್ಚಿ ರಿವೆಟ್ ಹೊಡೆದ ತೇಪೆಯೂ ನಡೆಯುತ್ತದೆ. ಆದರೆ ಚಾಸಿ, ಕ್ಯಾಬಿನ್ ಚಾಸಿಯ ಮೇಲೆ ಕೂರುವ ಜಾಗಗಳು, ಬಾಗಿಲ ಕೀಲು ಕೂರುವ ಕಂಬ, ಸೀಟಿನ ಬೋಲ್ಟುಗಳ ಬುಡ, ಇವುಗಳಲ್ಲಿ ತುಕ್ಕು ಕಂಡರೆ ಅಂಗಳದ ಕೆಲಸ ಅಲ್ಲಿಗೆ ನಿಲ್ಲಬೇಕು. ಎಂಟು ವರ್ಷ ದಾಟಿದ ಸರಕು ವಾಹನವನ್ನು ಪ್ರತಿ ವರ್ಷ ಎಫ್.ಸಿ.ಗೆ ಒಯ್ಯಬೇಕೆಂಬ ನಿಯಮವನ್ನು ಕಿರಿಕಿರಿ ಎಂದುಕೊಳ್ಳುವವರು, ಬಣ್ಣದಡಿ ಮುಚ್ಚಿದ ಕೊಳೆತ ಕ್ಯಾಬಿನ್ನಿನಲ್ಲಿ ಕೂರುವವರು ತಮ್ಮ ಮನೆಯವರೇ ಎಂಬುದನ್ನು ನೆನೆಯಬೇಕು.

ಕತ್ತರಿಸಿ ತೆಗೆಯಬೇಕಾಗಿಲ್ಲದ, ಬರೀ ಮೇಲ್ಮೈಯಲ್ಲಿ ತುಕ್ಕು ಹಿಡಿದ ಜಾಗಗಳಿಗೆ ಏನು ಮಾಡುವುದು? ವೈರ್ ಬ್ರಷ್ ಹಾಕಿದ ಮೇಲೂ ಸಣ್ಣ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ತುಕ್ಕುನಿವಾರಕ ದ್ರಾವಣಗಳು ಸಿಗುತ್ತವೆ. ಅವು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಬದಲಿಸುತ್ತವೆ, ಆ ಪೊರೆಯ ಮೇಲೆ ಪ್ರೈಮರ್ ಚೆನ್ನಾಗಿ ಕೂರುತ್ತದೆ. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬ 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದ್ದರೂ ಕರಗದಿರುವುದೇಕೆಂದು ಕಾನ್ಪುರ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ಅಧ್ಯಯನ ಮಾಡಿ, ಆ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕದಿಂದ (ಫಾಸ್ಫರಸ್) ಮೈಮೇಲೆ ಉಂಟಾದ ಪೊರೆಯೇ ಮುಖ್ಯ ಕಾರಣವೆಂದು ವಿವರಿಸಿದರು. ನಮ್ಮ ಕೊಡಚಾದ್ರಿಯ ಮೇಲೂ, ಅಷ್ಟೊಂದು ಮಳೆಯಲ್ಲಿ, ಒಂದು ಹಳೆಯ ಕಬ್ಬಿಣದ ಕಂಬ ನಿಂತಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಡಬ್ಬಿಯಲ್ಲಿ ಸಿಗುವ ದ್ರಾವಣ ನಿಮ್ಮ ಬಾಗಿಲನ್ನು ದೆಹಲಿಯ ಕಂಬವನ್ನಾಗಿ ಮಾಡುವುದಿಲ್ಲ, ಆದರೆ ಅದರ ಹಿಂದೆಯೂ ರಂಜಕದ ಇದೇ ಗುಣವಿದೆ. ಎದ್ದ ಪದರಗಳ ಮೇಲೆ ಅದನ್ನು ಸುರಿದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ. ಖರ್ಚು ಉಳಿಸಲು ಕೆಲವರು ಬಚ್ಚಲು ತೊಳೆಯುವ ಆ್ಯಸಿಡ್ ಬಳಸುತ್ತಾರೆ. ತುಕ್ಕು ಕ್ಷಣದಲ್ಲಿ ಕರಗಿ ತಗಡು ಬೆಳ್ಳಗೆ ಹೊಳೆಯುತ್ತದೆ, ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ, ಕುಳಿಗಳಲ್ಲಿ ಬಿಟ್ಟುಹೋಗುವುದು ಕ್ಲೋರೈಡನ್ನು. ಎರಡು ದಿನ ತೊಳೆದು ಹೊರಹಾಕಿದ ಶತ್ರುವನ್ನು ಬಾಟಲಿಯಲ್ಲಿ ತಂದು ಮನೆತುಂಬಿಸಿಕೊಂಡಂತೆ.

ಪ್ರೈಮರ್ ಮತ್ತು ಪುಟ್ಟಿಯ ಕ್ರಮದಲ್ಲಿಯೇ ಹೆಚ್ಚಿನವರು ಎಡವುವುದು. ಬಿಳಿ ಮಾಡಿದ ಲೋಹಕ್ಕೆ ಅಂದೇ, ಇಬ್ಬನಿ ಬೀಳುವ ಮೊದಲೇ, ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಪರಿಚಿತವಾದ ಕೆಂಪು ರೆಡ್ ಆಕ್ಸೈಡ್ ಕೆಟ್ಟದ್ದಲ್ಲ, ಆದರೆ ಒಂಟಿಯಾಗಿ ಅದು ನೀರಾವಿಯನ್ನು ಪೂರ್ತಿ ತಡೆಯಲಾರದು, ಮೇಲೆ ಬಣ್ಣ ಹೊಡೆಯದೆ ತಿಂಗಳುಗಟ್ಟಲೆ ಬಿಟ್ಟರೆ ಪ್ರಯೋಜನವಿಲ್ಲ. ಪುಟ್ಟಿ ಪ್ರೈಮರಿನ ಮೇಲೆ ಬರಲಿ, ಎರಡು ಮೂರು ಮಿ.ಮೀ. ದಪ್ಪಕ್ಕಿಂತ ಹೆಚ್ಚು ಬೇಡ. ಅದರಲ್ಲಿರುವ ಟಾಲ್ಕ್ ಪುಡಿ ನೀರನ್ನು ಹೀರುತ್ತದೆ, ಆದ್ದರಿಂದ ಪುಟ್ಟಿಯನ್ನು ವಾಟರ್ ಪೇಪರ್ ಹಿಡಿದು ನೀರು ಹಾಕಿ ಉಜ್ಜುವ ಅಭ್ಯಾಸವನ್ನು ಬಿಟ್ಟು ಒಣದಾಗಿಯೇ ಉಜ್ಜಬೇಕು. ಪುಟ್ಟಿ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್ ನೂರಕ್ಕೆ ಎರಡು ಪಾಲು ಸಾಕು. ಎರಡು ತಗಡು ಸೇರುವ ಪ್ರತಿ ಗೆರೆಗೂ ಪ್ರೈಮರಿನ ಮೇಲೆ ಸೀಮ್ ಸೀಲಂಟ್ ಹೋಗಬೇಕು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರ್ಡನರ್ ಬೆರೆಸಿ ಸ್ಪ್ರೇ ಮಾಡುವ ಪಿ.ಯು. (ಪಾಲಿಯುರೆಥೇನ್) ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ, ಅದರ ಮಂಜು ಶ್ವಾಸಕೋಶಕ್ಕೆ ಗಂಭೀರ ಅಪಾಯ, ಸಾಮಾನ್ಯ ಮಾಸ್ಕ್ ಅದಕ್ಕೆ ಸಾಲದು. ಮನೆಯಂಗಳದಲ್ಲಿ ಸಿಂಥೆಟಿಕ್ ಎನಾಮಲನ್ನು ಒಳ್ಳೆಯ ಬ್ರಷ್‌ನಿಂದ ತೆಳುವಾಗಿ ಎರಡು ಮೂರು ಕೋಟ್ ಹೊಡೆಯಿರಿ. ಹತ್ತಿರ ನಿಂತು ನೋಡಿದರೆ ಬ್ರಷ್‌ನ ಗೆರೆ ಕಾಣುತ್ತದೆ, ಲಾರಿಗೆ ಅದೇನೂ ಕುಂದಲ್ಲ. ಬಣ್ಣವನ್ನೇ ಬದಲಿಸುವುದಾದರೆ ಆರ್.ಸಿ.ಯಲ್ಲಿಯೂ ಅದು ಬದಲಾಗಬೇಕೆಂಬುದು ನೆನಪಿರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಬಿಟ್ಟುಬಿಡುವ ಕೆಲಸ. ಬಾಗಿಲಿನ ಗಾಜಿನ ಪಕ್ಕದಿಂದ ನೀರು ಒಳಗೆ ಇಳಿದೇ ಇಳಿಯುತ್ತದೆ, ಅದನ್ನು ಪೂರ್ತಿ ತಡೆಯುವ ರಬ್ಬರ್ ಇಲ್ಲ. ಒಳಗೆ ಬಂದ ನೀರು ಹೊರಗೆ ಹೋಗಲೆಂದೇ ಬಾಗಿಲಿನ ಅಡಿಯಲ್ಲಿ ತೂತುಗಳಿರುತ್ತವೆ. ಹೊಸ ತುಂಡು ಹಾಕುವಾಗ ಆ ತೂತುಗಳನ್ನು ನೀವೇ ಕೊರೆಯಬೇಕು. ನಾನು 8 ಮಿ.ಮೀ.ನ ಮೂರು ತೂತು ಕೊರೆದೆ, ಅತ್ಯಂತ ತಗ್ಗಿನ ಜಾಗ ಯಾವುದೆಂದು ಒಳಗೆ ನೀರು ಸುರಿದು ಗುರುತಿಸಿಕೊಂಡ ಮೇಲೆ. ತೂತಿನ ಅಂಚಿಗೂ ಪ್ರೈಮರ್ ಹಚ್ಚಬೇಕು. ಬಣ್ಣ ಒಣಗಿದ ಮೇಲೆ ಒಳಗೆ ಕ್ಯಾವಿಟಿ ವ್ಯಾಕ್ಸ್, ಎಂದರೆ ಪೊಳ್ಳು ಜಾಗಗಳಿಗೆ ಹೊಡೆಯುವ ಮೇಣ, ಸಿಂಪಡಿಸಿ, ಸಂದಿಗೆ ಇಳಿದು ಕೂರುವಂತೆ ಒಂದು ದಿನ ಬಿಸಿಲಿನಲ್ಲಿ ನಿಲ್ಲಿಸಿ, ಸಂಜೆ ಒಂದು ಕಡ್ಡಿ ಹಾಕಿ ತೂತುಗಳು ತೆರೆದಿವೆಯೇ ಎಂದು ನೋಡಬೇಕು. ಹಳೆಯ ಎಂಜಿನ್ ಆಯಿಲ್ ಹೊಡೆದರೆ ಸಾಲದೇ ಎಂದು ಕೇಳುವವರಿದ್ದಾರೆ. ತುಕ್ಕು ಸ್ವಲ್ಪ ತಡವಾಗಬಹುದು, ಆದರೆ ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಚರ್ಮಕ್ಕೆ ಒಳ್ಳೆಯದಲ್ಲ, ಅಂಗಳಕ್ಕೆ ತೊಟ್ಟಿಕ್ಕಿದ್ದು ಮಳೆಯೊಂದಿಗೆ ಬಾವಿಯ ಕಡೆಗೆ ಹೋಗುತ್ತದೆ.

ಸಭೆಯಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ಇಷ್ಟೆಲ್ಲ ಮಾಡುವುದಕ್ಕಿಂತ ಹಳೆಯ ಬಾಗಿಲನ್ನು ಗುಜರಿಯಿಂದ ತಂದು ಹಾಕಿದರೆ ಅಗ್ಗವಲ್ಲವೇ?" ಒಳ್ಳೆಯ ಪ್ರಶ್ನೆ. ಒಣ ಸೀಮೆಯಲ್ಲಿ ಓಡಿದ, ಚಿತ್ರದುರ್ಗ ಅಥವಾ ಬಳ್ಳಾರಿ ಕಡೆಯ ಗಾಡಿಯ ಬಾಗಿಲು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಅಂಥದ್ದಕ್ಕೆ ತುಕ್ಕಿಗಿಂತ ನುಗ್ಗೇ ಹೆಚ್ಚು, ನುಗ್ಗು ತೆಗೆಯುವುದು ಸುಲಭ. ನಮ್ಮ ಊರಿನ ಗುಜರಿಯಲ್ಲಿ ಸಿಗುವ ಬಾಗಿಲಿಗೆ ಮಾತ್ರ ಅಯಸ್ಕಾಂತ ಹಿಡಿಯದೆ ದುಡ್ಡು ಕೊಡಬೇಡಿ. ನಾನು ಮೂರು ನೋಡಿದೆ, ಮೂರರ ಅಡಿಯೂ ಪುಟ್ಟಿ.

ನಮ್ಮ ಎಡಬಾಗಿಲಿಗೆ ಬಿಡುವು ಸಿಕ್ಕಾಗ ಮಾಡಿದ ಲೆಕ್ಕದಲ್ಲಿ ಹನ್ನೊಂದು ದಿನ ಹಿಡಿಯಿತು. ಆಮೇಲೆ ಎರಡು ಮಳೆಗಾಲ ಕಳೆದಿವೆ. ಜೋರು ಮಳೆ ನಿಂತ ಮೇಲೆ ಲಾರಿಯ ಪಕ್ಕ ಹೋಗಿ ನಿಂತರೆ ಆ ಬಾಗಿಲಿನ ಅಡಿಯಿಂದ ಮೂರು ಸಾಲು ಹನಿ ಬೀಳುವುದು ಕಾಣುತ್ತದೆ, ಅಂಗಳದ ಮಣ್ಣಿನಲ್ಲಿ ಮೂರು ಗುಳಿಗಳೂ ಆಗಿವೆ. ಬಲಬಾಗಿಲಿನ ಅಡಿಯಲ್ಲಿ ಮಣ್ಣು ಒಣಗಿಯೇ ಇರುತ್ತದೆ. ಅದರ ಸರದಿ ಬರುವ ಡಿಸೆಂಬರಿಗೆ, ತಗಡು ತಂದಿಟ್ಟಿದ್ದೇನೆ.